ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿದೆ: ಹೀಗಿರುವವರು ಹೇಗೆ ಬದುಕುತ್ತಿದ್ದೀರಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ಹಿಡುವಳಿ. ಈ ಸಲದ ಕೊನೆಕೊಯ್ಲಿನಲ್ಲಿ, ಅಂದರೆ ಅಡಿಕೆ ಗೊನೆ ಕೊಯ್ಯುವಾಗ, ನನ್ನ ತಮ್ಮ ಅಡಿಕೆ ಮರದಿಂದ ಬಿದ್ದ. ಇನ್ನೂ ಇಪ್ಪತ್ತಾರರ ಹುಡುಗ. ಕುತ್ತಿಗೆಯ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಗಿದೆ. ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಕರೆತಂದಿದ್ದೇವೆ. ಬಿಡುಗಡೆ ಚೀಟಿಯಲ್ಲಿ ‘ಸಿ6, ಪೂರ್ಣ’ ಎಂದು ಬರೆದಿದ್ದಾರೆ, ಅಂದರೆ ಕುತ್ತಿಗೆಯ ಆರನೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ಜಖಂ. ಭುಜ ಆಡುತ್ತದೆ, ಮೊಣಕೈ ಮಡಚುತ್ತಾನೆ, ಮಣಿಕಟ್ಟನ್ನು ಮೇಲಕ್ಕೆ ಎತ್ತುತ್ತಾನೆ. ಬೆರಳುಗಳಿಗೆ ಬಲವಿಲ್ಲ. ಎದೆಯಿಂದ ಕೆಳಗೆ ಮುಟ್ಟಿದ್ದು ತಿಳಿಯುವುದಿಲ್ಲ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ.

ಆಸ್ಪತ್ರೆಯಲ್ಲಿ ಮೂಳೆಯ ವಿಷಯ ಹೇಳಿದರು, ಬದುಕಿನ ವಿಷಯ ಯಾರೂ ಹೇಳಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿರುತ್ತಾನೆ. ‘ಅಕ್ಕಾ, ನನ್ನದು ಮುಗಿಯಿತಲ್ಲ’ ಎನ್ನುತ್ತಾನೆ. ನೋಡಲು ಬಂದ ನೆಂಟರು ಅವನ ಎದುರಿಗೇ ಕಣ್ಣೊರೆಸಿಕೊಳ್ಳುತ್ತಾರೆ. ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿದರೆ ಎದ್ದು ನಡೆಯುತ್ತಾನೆಂದು ಒಬ್ಬರು ಹೇಳಿದ್ದಾರೆ. ಅಪ್ಪ ತೋಟದ ಒಂದು ಭಾಗ ಮಾರುವ ಯೋಚನೆಯಲ್ಲಿದ್ದಾರೆ.

ಇಲ್ಲಿ ಹೀಗೇ ಇರುವವರು ಇದ್ದರೆ ದಯವಿಟ್ಟು ಬರೆಯಿರಿ. ಸಮಾಧಾನದ ಮಾತು ಸಾಕಷ್ಟು ಕೇಳಿದ್ದೇವೆ. ದಿನ ಹೇಗೆ ಕಳೆಯುತ್ತದೆ, ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ಇದ್ದಂತೆಯೇ ಹೇಳಿ.

ಗಾಲಿಮನೆ

ತುಂಗಾತೀರ ಅವರೇ, ನನಗೂ ಸಿ6. ಪದವಿ ಮುಗಿಸಿದ ವರ್ಷ ಬೈಕಿನಿಂದ ಬಿದ್ದೆ. ನಿಮ್ಮ ತಮ್ಮನ ಕೈಯ ಬಗ್ಗೆ ಏನು ಬರೆದಿದ್ದೀರೋ ನನ್ನ ಕೈಯೂ ಅದೇ. ಈಗ ನಲವತ್ತು ದಾಟಿದೆ. ಸಾಗರದಲ್ಲಿ ಸಣ್ಣದೊಂದು ಲೆಕ್ಕಪತ್ರದ ಕಚೇರಿ ಇಟ್ಟುಕೊಂಡಿದ್ದೇನೆ. ಮದುವೆಯಾಗಿದೆ. ಹತ್ತಿರದಲ್ಲಿ ಒಳ್ಳೆಯ ಮೇಳದ ಯಕ್ಷಗಾನ ಆಟವಿದ್ದರೆ ಆ ರಾತ್ರಿ ನಾನು ಮನೆಯಲ್ಲಿರುವುದಿಲ್ಲ.

ಅವನಿಗೆ ಏನು ಉತ್ತರ ಕೊಡಲಿ ಎಂಬ ಚಿಂತೆ ಸದ್ಯಕ್ಕೆ ಬಿಡಿ. ಮೊದಲು ಅವನನ್ನು ಕೂರಿಸಿ. ಮಲಗಿದವನಿಗೆ ಮಾಡಿನ ಹೆಂಚು ಮಾತ್ರ ಕಾಣುತ್ತದೆ, ಕುಳಿತವನಿಗೆ ಅಂಗಳ ಕಾಣುತ್ತದೆ. ಶುರುವಿನಲ್ಲಿ ಕೂರಿಸಿದೊಡನೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಹೆದರಬೇಡಿ. ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟಿ, ಕಾಲಿಗೆ ಬಿಗಿಯಾದ ಉದ್ದ ಕಾಲುಚೀಲ ಹಾಕಿ, ಹಾಸಿಗೆಯ ತಲೆಭಾಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಕುರ್ಚಿಯಲ್ಲಿ ತಲೆ ಸುತ್ತಿದರೆ ಹಿಂದೆ ನಿಂತವರು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಹಿಡಿದುಕೊಂಡರೆ ಸರಿಹೋಗುತ್ತದೆ. ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಳ್ಳುತ್ತದೆ.

ಆಮೇಲೆ ಮೂತ್ರ, ಚರ್ಮ, ಮಲವಿಸರ್ಜನೆ. ಮನೆಗೆ ಬಂದವರು ಇವನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತನಾಡುತ್ತಾರೆ. ಆದರೆ ನಮ್ಮಂಥವರ ಬದುಕು ನಿಂತಿರುವುದೇ ಇವುಗಳ ಮೇಲೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಮೂತ್ರದ ಸೋಂಕು ಮತ್ತು ಹಾಸಿಗೆ ಹುಣ್ಣಿನಿಂದಲೇ ಬೇಗ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ರೋಗಿಗಳನ್ನು ಎರಡು ಗಂಟೆಗೊಮ್ಮೆ ಹಗಲೂ ರಾತ್ರಿ ಮಗ್ಗುಲು ಬದಲಿಸುವ ಪದ್ಧತಿ ತಂದರು. ಮೂತ್ರಕೋಶವನ್ನು ಶುಚಿಯಾಗಿ ಖಾಲಿ ಮಾಡಿಸಿದರು. ಜನ ಬದುಕತೊಡಗಿದರು. ಬದುಕಿದವರಿಗೆ ಆಟ ಬೇಕೆಂದು 1948ರಲ್ಲಿ ಅವರೇ ಶುರುಮಾಡಿದ ಬಿಲ್ಲುಗಾರಿಕೆಯ ಸ್ಪರ್ಧೆ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ಮಗ್ಗುಲು ಬದಲಿಸುವ ಕೆಲಸ ಪದಕಕ್ಕಿಂತ ಮುಂಚಿನದು ಎಂಬುದಕ್ಕೆ ಇದನ್ನು ಹೇಳಿದೆ.

ಮೂತ್ರಕ್ಕೆ ಈಗ ಹಾಕಿರುವ ನಳಿಕೆಯೇ ಕೊನೆಯ ದಾರಿಯಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಿ ತೆಗೆಯುವ ಕ್ರಮವಿದೆ. ನಮ್ಮ ಮಟ್ಟದ ಗಾಯದವರಿಗೆ ಬೆರಳಿಲ್ಲದೆ ಅದನ್ನು ಸ್ವತಃ ಮಾಡಿಕೊಳ್ಳುವುದು ಕಷ್ಟ, ಸಹಾಯಕರು ಮಾಡಬಹುದು. ನನಗೆ ಹೊಕ್ಕುಳಿನ ಕೆಳಗೆ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಕೋಶಕ್ಕೆ ನಳಿಕೆ ಇಟ್ಟಿದ್ದಾರೆ. ನಾಲ್ಕಾರು ವಾರಕ್ಕೊಮ್ಮೆ ಬದಲಿಸುತ್ತಾರೆ. ಕಾಲಿಗೆ ಕಟ್ಟಿದ ಚೀಲ ಪ್ಯಾಂಟಿನೊಳಗೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಯಾವುದು ಹೊಂದುತ್ತದೆ ಎಂಬುದನ್ನು ಮೂತ್ರಕೋಶದ ಒತ್ತಡ ಅಳೆಯುವ ಪರೀಕ್ಷೆ ಮಾಡಿಸಿ ಮೂತ್ರರೋಗ ತಜ್ಞರೇ ಹೇಳಬೇಕು. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನಿಂಗ್ ತಪ್ಪಿಸಬೇಡಿ. ಮಲವಿಸರ್ಜನೆಗೆ ನಿಗದಿತ ಹೊತ್ತು ಗೊತ್ತುಮಾಡಿಕೊಳ್ಳಿ. ದಿನ ಬಿಟ್ಟು ದಿನವಾದರೂ ಸರಿ, ಹೊತ್ತು ಮಾತ್ರ ಒಂದೇ ಇರಲಿ. ದೇಹ ಆ ಹೊತ್ತನ್ನು ಕಲಿಯುತ್ತದೆ. ಕಲಿತ ಮೇಲೆ ಮದುವೆಮನೆಗೂ ಕಚೇರಿಗೂ ಭಯವಿಲ್ಲದೆ ಹೋಗಬಹುದು.

ಚರ್ಮದ ವಿಷಯದಲ್ಲಿ ಅರ್ಧ ಗಂಟೆಯ ನಿಯಮ ನೆನಪಿಡಿ. ಕುರ್ಚಿಯಲ್ಲಿದ್ದಾಗ ಅರ್ಧ ಗಂಟೆಗೊಮ್ಮೆಯಾದರೂ ಮುಂದಕ್ಕೆ, ಎಡಕ್ಕೆ, ಬಲಕ್ಕೆ ಬಾಗಿ ಕೂತ ಜಾಗದ ಭಾರ ಬಿಡಿಸಬೇಕು. ಒಂದೆರಡು ನಿಮಿಷ ಹಾಗೆಯೇ ಇರಬೇಕು. ನಾನು ಗಿರಾಕಿಯೊಡನೆ ಮಾತನಾಡುತ್ತಲೇ ಮೇಜಿನ ಮೇಲೆ ಬಾಗುತ್ತೇನೆ. ಗಮನಕೊಟ್ಟು ಕೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ, ಅದೂ ನಿಜವೇ. ಹಾಸಿಗೆ ಅಂಗಡಿಯ ಸ್ಪಂಜನ್ನು ಕತ್ತರಿಸಿ ದಿಂಬು ಮಾಡಬೇಡಿ. ಗಾಳಿಯ ಕೋಶಗಳಿರುವ ದಿಂಬು ತರಿಸಿ. ಅವನು ಕುಳಿತ ಮೇಲೆ ಕೆಳಗೆ ಕೈ ತೂರಿಸಿ ನೋಡಿ: ಪೃಷ್ಠದ ಮೂಳೆಗೂ ದಿಂಬಿನ ತಳಕ್ಕೂ ನಡುವೆ ಅರ್ಧದಿಂದ ಒಂದು ಅಂಗುಲ ಗಾಳಿ ಉಳಿದಿರಬೇಕು. ಹೆಚ್ಚು ತುಂಬಿದರೂ ಕೆಡುಕು, ಕಡಿಮೆಯಾದರೂ ಕೆಡುಕು. ರಾತ್ರಿ ಮಲಗಿಸುವಾಗ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ದೀಪ ಹಿಡಿದು ನೋಡಿ. ಕೆಂಪಾಗಿ ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ, ಮಾಸುವವರೆಗೆ. ಉಪೇಕ್ಷಿಸಿದ ಹುಣ್ಣು ಒಬ್ಬ ಮನುಷ್ಯನನ್ನು ತಿಂಗಳುಗಟ್ಟಲೆ ಬೋರಲು ಮಲಗಿಸುತ್ತದೆ.

ಇನ್ನೊಂದು ಮಾತು, ನಿಮ್ಮ ಅಮ್ಮನ ಬಗ್ಗೆ. ಮೈ ತೊಳೆಸುವುದು, ಚೀಲ ಖಾಲಿ ಮಾಡುವುದು, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲವೂ ಅಮ್ಮನ ತಲೆಗೇ ಬರುತ್ತದೆ. ಬರಗೊಡಬೇಡಿ. ಸಾಧ್ಯವಾದಷ್ಟು ಬೇಗ ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಳ್ಳಿ, ಬೆಳಗಿನ ಎರಡು ಗಂಟೆಗಾದರೂ ಸರಿ. ಅವನಿಗೆ ಏನು ಮಾಡಬೇಕೆಂದು ನಿಮ್ಮ ತಮ್ಮನೇ ಹೇಳಿಕೊಡಲಿ. ಮನೆಯವರಿಂದ ಸೇವೆ ಮಾಡಿಸಿಕೊಳ್ಳುವವನು ಸಹಿಸಿಕೊಂಡು ಸುಮ್ಮನಿರುತ್ತಾನೆ. ಸಂಬಳ ಕೊಟ್ಟು ಕೆಲಸ ಮಾಡಿಸುವವನು ‘ಹೀಗಲ್ಲ, ಹಾಗೆ’ ಎಂದು ಹೇಳಬಲ್ಲ. ನನ್ನ ಬದುಕು ನನ್ನದು ಅನ್ನಿಸತೊಡಗಿದ್ದು ಆಗಲೇ. ತೋಟ ಮಾರುವ ಮಾತು ಬಂದರೆ ಆ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನನ್ನ ಉತ್ತರ ಇದರಲ್ಲೇ ಇದೆ.

ಶೃಂಗೇರಿ ತೋಟಿಗ

ತಂಗೀ, ಗಾಲಿಮನೆಯವರು ಅನುಭವಸ್ಥರು, ಅವರ ಮಾತನ್ನು ತೆಗೆದುಹಾಕುವುದಿಲ್ಲ. ಆದರೆ ಇಷ್ಟು ಬೇಗ ಗಾಲಿಕುರ್ಚಿಗೆ ಒಪ್ಪಿಸಿಬಿಡುವುದೇ? ನಮ್ಮ ಕಡೆ ಒಬ್ಬರು ನಾಟಿವೈದ್ಯರಿದ್ದಾರೆ. ಎಣ್ಣೆ ತಿಕ್ಕಿ, ಬಿಸಿ ಕಿಳಿ (ಕಾಯಿಸಿದ ಔಷಧಿಯ ಗಂಟಿನ ಶಾಖ) ಕೊಟ್ಟು, ಮುದುಡಿದ ಬೆರಳುಗಳನ್ನು ದಿನವೂ ಎಳೆದು ನೆಟ್ಟಗೆ ಮಾಡಿ, ಬಿದ್ದವರನ್ನು ಎಬ್ಬಿಸಿದ್ದಾರೆ. ಕಣ್ಣಾರೆ ಕಂಡಿದ್ದೇನೆ. ಹುಡುಗನಿಗೆ ನಡೆದೇ ತೀರುತ್ತೇನೆಂಬ ಹಟ ಬರಬೇಕು.

ಕಡಲೂರ ಥೆರಪಿಸ್ಟ್

ನಾನು ಮಂಗಳೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವುದು ನಮ್ಮ ಕೆಲಸ. ತೋಟಿಗರೇ, ನೀವು ಕಂಡದ್ದು ಸುಳ್ಳಲ್ಲ. ಬೆನ್ನುಹುರಿ ಭಾಗಶಃ ಜಖಂಗೊಂಡವರು, ಪಾರ್ಶ್ವವಾಯು ಬಡಿದವರು ಮೊದಲ ತಿಂಗಳುಗಳಲ್ಲಿ ಸಾಕಷ್ಟು ಚೇತರಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಯಾರು ಪಕ್ಕದಲ್ಲಿದ್ದರೋ ಅವರಿಗೆ ಕೀರ್ತಿ ಹೋಗುತ್ತದೆ. ಗಾಯ ಪೂರ್ಣ ಎಂದಿರುವಾಗ ಲೆಕ್ಕ ಬೇರೆ. ಒಂದು ಮಟ್ಟದಷ್ಟು ಬಲ ಕೈಗಳಲ್ಲಿ ಮರಳಬಹುದು, ಮೊಣಕೈ ನೀಡುವ ಸ್ನಾಯು ಎಚ್ಚರಗೊಂಡರೆ ದೊಡ್ಡ ಲಾಭ. ಕಾಲಿನ ನಡಿಗೆಯನ್ನು ಭರವಸೆಯಾಗಿ ಕೊಡಲು ಬರುವುದಿಲ್ಲ.

ಆದರೆ ಎರಡು ಕೆಲಸಗಳನ್ನು ದಯವಿಟ್ಟು ಮಾಡಿಸಬೇಡಿ. ಒಂದು, ಬಿಸಿ ಕಿಳಿ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲದಿಂದ ಸುಟ್ಟ ಗಾಯಗಳನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಎರಡನೆಯದು ಬೆರಳು ಎಳೆಯುವುದು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮದೇ ಕೈಯನ್ನು ಸಡಿಲ ಬಿಟ್ಟು ಮಣಿಕಟ್ಟನ್ನು ಹಿಂದಕ್ಕೆ ಎತ್ತಿ ನೋಡಿ, ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ತಾಗುತ್ತದೆ. ಮಣಿಕಟ್ಟು ಇಳಿಸಿದರೆ ಬಿಚ್ಚಿಕೊಳ್ಳುತ್ತವೆ. ಸಿ6 ಗಾಯದವರಿಗೆ ಇದೇ ಹಿಡಿತ. ಬೆರಳಿನ ಸ್ನಾಯುರಜ್ಜು ಒಂದಿಷ್ಟು ಬಿಗಿಯಾಗಿ ಉಳಿದರೆ ಈ ಹಿಡಿತದಲ್ಲಿ ಲೋಟ, ಮೊಬೈಲ್, ಕಾಗದ, ರೊಟ್ಟಿ ಎಲ್ಲವನ್ನೂ ಹಿಡಿಯುತ್ತಾರೆ. ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆದೆಳೆದು ನೆಟ್ಟಗೆ ಮಾಡಿದರೆ ಆ ಬಿಗಿ ಸಡಿಲಾಗಿ ಹಿಡಿತವೇ ಹೋಗುತ್ತದೆ. ಮಣಿಕಟ್ಟು ಎತ್ತಿದಾಗ ಬೆರಳು ಮಡಚಿರಬೇಕು, ಬೆರಳು ಬಿಡಿಸುವಾಗ ಮಣಿಕಟ್ಟು ಇಳಿದಿರಬೇಕು. ವ್ಯಾಯಾಮ ಮಾಡಿಸುವವರೆಲ್ಲರಿಗೂ ಇಷ್ಟು ಹೇಳಿಬಿಡಿ. ಚಮಚ, ಬ್ರಷ್ಷು, ಪೆನ್ನು ಸಿಕ್ಕಿಸಲು ಅಂಗೈಗೆ ಕಟ್ಟುವ ಪಟ್ಟಿ ಸಿಗುತ್ತದೆ. ಊರಿನ ಚಪ್ಪಲಿ ಹೊಲಿಯುವವರೂ ಮಾಡಿಕೊಡುತ್ತಾರೆ.

ಇನ್ನೊಂದು ಎಚ್ಚರಿಕೆ. ಇದು ಜೀವದ ಪ್ರಶ್ನೆ. ಎದೆಯ ಆರನೆಯ ಕಶೇರು (ಬೆನ್ನೆಲುಬಿನ ಮಣಿ) ಮತ್ತು ಅದಕ್ಕಿಂತ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ರಕ್ತದೊತ್ತಡ ಏರುವ ಅಪಾಯವಿದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಹಣೆಯಲ್ಲಿ ಬೆವರು, ಮೈ ನವಿರೇಳುವುದು ಲಕ್ಷಣಗಳು. ಬಹುಪಾಲು ಕಾರಣ ಮೂತ್ರಕೋಶ ತುಂಬಿರುವುದು, ಇಲ್ಲವೇ ಮಲಬದ್ಧತೆ. ಕೂಡಲೇ ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಪಟ್ಟಿ ಸಡಿಲಿಸಿ, ನಳಿಕೆ ಎಲ್ಲಾದರೂ ಮಡಚಿದೆಯೇ ಕಟ್ಟಿಕೊಂಡಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಇವರ ಮಾಮೂಲಿ ಒತ್ತಡವೇ ನೂರರ ಆಸುಪಾಸು ಇರುವುದರಿಂದ ನೂರೈವತ್ತು ಎಂದರೆ ‘ಸ್ವಲ್ಪ ಜಾಸ್ತಿ’ ಎಂದು ಯಾರಾದರೂ ಕಳಿಸಿಬಿಡಬಹುದು. ಈ ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಕುರ್ಚಿಗೇ ಕಟ್ಟಿಡಿ.

ಹುಬ್ಬಳ್ಳಿಯವಳು

ಸ್ಟೆಮ್ ಸೆಲ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಗಂಡನಿಗೂ ಕುತ್ತಿಗೆಯ ಗಾಯ. ದೊಡ್ಡ ಊರಿನ ಒಂದು ಕೇಂದ್ರದವರು ಸೂಜಿ ಚುಚ್ಚಿ ಲಕ್ಷಗಟ್ಟಲೆ ಪಡೆದರು. ಏನೂ ಬದಲಾಗಲಿಲ್ಲ. ಕೇಳಿದರೆ ಇನ್ನೊಂದು ಸುತ್ತು ಬೇಕೆಂದರು. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಪ್ರಯೋಗಗಳನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ, ಅನುಮೋದಿತ ಸಂಶೋಧನೆಯೊಳಗೆ ಮಾತ್ರ ನಡೆಸಬೇಕು, ಅಂಥ ಸಂಶೋಧನೆಗೆ ಸೇರಿದವರಿಂದ ಅದಕ್ಕಾಗಿ ಹಣ ಪಡೆಯಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹಣ ಕೇಳಿದರೆಂದರೆ ಅಲ್ಲಿಗೆ ನಿಮಗೆ ಉತ್ತರ ಸಿಕ್ಕಿತು. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ. ತೋಟ ಇರಲಿ.

ಇನ್ನೊಂದು ಮಾತು, ಹೆಣ್ಣುಮಗಳಾಗಿ ಇಲ್ಲಿ ಬರೆಯಲು ಸಂಕೋಚವಿಲ್ಲ. ಇಪ್ಪತ್ತಾರರ ಹುಡುಗ ‘ಮುಗಿಯಿತು’ ಎನ್ನುವಾಗ ಮದುವೆ, ಮಕ್ಕಳು ಎಂಬುದೂ ಅದರಲ್ಲಿ ಇರುತ್ತದೆ, ಅಕ್ಕನ ಮುಂದೆ ಹೇಳುವುದಿಲ್ಲ. ನಮಗೆ ಮದುವೆಯಾಗಿದ್ದು ಅವರಿಗೆ ಪೆಟ್ಟಾದ ನಂತರ. ನನ್ನ ಮನೆಯವರು ಒಪ್ಪಲು ಬಹಳ ಕಾಲ ಹಿಡಿಯಿತು. ಮಕ್ಕಳಾಗುವುದಿಲ್ಲ ಎಂದು ಊರವರು ತೀರ್ಪು ಕೊಟ್ಟಿದ್ದರು. ಬೆನ್ನುಹುರಿ ಗಾಯವಾದ ಗಂಡಸರಲ್ಲಿ ವೀರ್ಯವನ್ನು ವೈದ್ಯಕೀಯ ವಿಧಾನದಿಂದ ಪಡೆಯಬಹುದು. ನಮ್ಮ ಮಗಳು ಈಗ ಶಾಲೆಗೆ ಹೋಗುತ್ತಾಳೆ, ಅಪ್ಪನ ತೊಡೆಯ ಮೇಲೆ ಕುಳಿತು ಗಾಲಿಕುರ್ಚಿಯಲ್ಲೇ ಓಣಿಯ ಕೊನೆಯವರೆಗೆ ಸವಾರಿ ಮಾಡುತ್ತಾಳೆ. ದಾಂಪತ್ಯ ಅಂದರೆ ಅದೊಂದೇ ಅಲ್ಲ ಎಂದು ಉಪದೇಶ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಅದೂ ಇದೆ, ಬೇರೆ ರೀತಿಯಲ್ಲಿ ಇದೆ, ಅದರ ಬಗ್ಗೆ ಮಾತನಾಡುವ ವೈದ್ಯರೂ ಇದ್ದಾರೆ. ಅವನಿಗೆ ಗಂಡಸೊಬ್ಬರು ಇದನ್ನು ಬಾಯಿಬಿಟ್ಟು ಹೇಳಲಿ. ಬೇಕಾದರೆ ನನ್ನ ಗಂಡನೊಡನೆ ಫೋನಿನಲ್ಲಿ ಮಾತನಾಡಿಸುತ್ತೇನೆ.

ಕಾಗದಪತ್ರ

ನಿವೃತ್ತ ನೌಕರ, ಈ ಕಡತಗಳನ್ನು ನೋಡಿದ ಅನುಭವವಿದೆ. ತಮ್ಮನ ಬ್ಯಾಂಕ್ ಪಾಸ್‌ಬುಕ್ ಇವತ್ತೇ ತೆಗೆದು ನೋಡಿ. ಮೇ ಕೊನೆಯ ಸುಮಾರಿಗೆ ಇಪ್ಪತ್ತು ರೂಪಾಯಿ ಕಡಿತವಾಗಿ ಪಕ್ಕದಲ್ಲಿ ಪಿಎಂಎಸ್‌ಬಿವೈ ಎಂದಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಿಂದ ಎರಡೂ ಕಾಲು ಅಥವಾ ಎರಡೂ ಕೈಗಳ ಉಪಯೋಗ ಶಾಶ್ವತವಾಗಿ ಹೋದರೆ 2 ಲಕ್ಷ ರೂಪಾಯಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ವಿಮೆ ಇರುವುದೇ ಗೊತ್ತಿರುವುದಿಲ್ಲ. ತಡಮಾಡದೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ.

ನಿಮ್ಮ ತಮ್ಮ ಸ್ವಂತ ಮರ ಹತ್ತಿದ್ದು. ಕೂಲಿಗೆ ಹತ್ತಿ ಬಿದ್ದ ಕೊನೆಗಾರರು ಇದನ್ನು ಓದುತ್ತಿದ್ದರೆ, ನೌಕರರ ಪರಿಹಾರದ ಕಾನೂನಿನಡಿ ಕಾರ್ಮಿಕ ಅಧಿಕಾರಿಯ ಮುಂದೆ ಅರ್ಜಿ ಹಾಕುವ ದಾರಿ ಇದೆಯೇ ಎಂದು ವಕೀಲರನ್ನು ಕೇಳಿ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಮುಖ್ಯ ಸೌಲಭ್ಯಗಳು ಶೇ 40ರ ಅಂಗವೈಕಲ್ಯದಿಂದ ಶುರು. ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು. ಪಿಂಚಣಿ, ಬಸ್ ಪಾಸ್, ರೈಲು ರಿಯಾಯಿತಿ ಎಲ್ಲಕ್ಕೂ ಪ್ರಮಾಣಪತ್ರವೇ ಬುಡ. ಸ್ಲೀಪರ್ ದರ್ಜೆಯಲ್ಲಿ ಶೇ 75 ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ನೀವು ಸಂಬಳದವರಾಗಿದ್ದು ತಮ್ಮ ನಿಮ್ಮನ್ನೇ ಅವಲಂಬಿಸಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆಯ ಆದಾಯದಿಂದ 1,25,000 ರೂಪಾಯಿ ಕಡಿತ ಸಿಗುತ್ತದೆ, ಅಂಗವೈಕಲ್ಯ ಶೇ 80 ಮತ್ತು ಮೇಲಿರಬೇಕು. ಗ್ರಾಮ ಪಂಚಾಯಿತಿ ತನ್ನ ನಿಧಿಯಲ್ಲಿ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಅರ್ಜಿಗೆ ಆಯುಷ್ಯವಿಲ್ಲ.

ರಾಯಚೂರು ಟೀಚರ್

ನನಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಕೈ ಚೆನ್ನಾಗಿವೆ. ಹಾಗಾಗಿ ನನ್ನ ಅನುಭವ ನಿಮ್ಮ ತಮ್ಮನಿಗೆ ಪೂರ್ತಿ ಹೊಂದುವುದಿಲ್ಲ. ಬಿಸಿಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಕುತ್ತಿಗೆ ಗಾಯದವರಿಗೆ ಗಾಯದ ಕೆಳಗೆ ಬೆವರು ಬರುವುದಿಲ್ಲ, ಬೇಸಿಗೆಯಲ್ಲಿ ಮೈ ತಾನಾಗಿ ತಣಿಯುವುದಿಲ್ಲ. ನಮ್ಮೂರಿನ ನನ್ನ ಗೆಳೆಯರೊಬ್ಬರು ನೀರು ಚಿಮುಕಿಸುವ ಬಾಟಲಿ, ಒದ್ದೆ ಟವೆಲ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಮಲೆನಾಡಿನಲ್ಲೂ ಏಪ್ರಿಲ್ ಇದೆ, ನೆನಪಿಡಿ.

ಹಾಗೆಯೇ, ಬಂದ ನೆಂಟರಿಗೆ ಒಂದು ಕೆಲಸ ಹೇಳಿ. ಅಳುವವರ ಕೈಗೆ ನೀರಿನ ಲೋಟ ಕೊಟ್ಟು ‘ಅವನಿಗೆ ಕುಡಿಸಿ’ ಎನ್ನಿ. ಕೈಗೆ ಕೆಲಸ ಬಂದರೆ ಮುಖ ತಾನಾಗಿ ಸರಿಯಾಗುತ್ತದೆ.

ಶೃಂಗೇರಿ ತೋಟಿಗ

ಬೆರಳಿನ ವಿಷಯ ಓದಿ ನನ್ನ ಕೈಯನ್ನೇ ಎತ್ತಿ ಇಳಿಸಿ ನೋಡಿದೆ. ಥೆರಪಿಸ್ಟ್ ಹೇಳಿದ್ದು ಹೌದು. ನಾಟಿವೈದ್ಯರ ಮಾತು ಹಿಂದಕ್ಕೆ ಪಡೆಯುತ್ತೇನೆ.

ತಂಗೀ, ನಿಮ್ಮೂರು ನಮಗೆ ದೂರವಲ್ಲ. ನಮ್ಮಲ್ಲಿ ಒಳ್ಳೆಯ ಗಾರೆ ಕೆಲಸದವರಿದ್ದಾರೆ. ಮನೆಗೆ ಏನೇನು ಮಾರ್ಪಾಡು ಬೇಕು ಎಂದು ಅಳತೆ ಸಹಿತ ಯಾರಾದರೂ ಬರೆದರೆ ಕರೆದುಕೊಂಡು ಬರುತ್ತೇನೆ. ಇನ್ನು ಮುಂದೆ ನಿಮ್ಮ ಮನೆಯಲ್ಲಿ ಯಾರೂ ಮರ ಹತ್ತುವುದು ಬೇಡ. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊನೆ ತೆಗೆಯುವವರ ತಂಡಗಳು ಈಗ ಸಿಗುತ್ತವೆ. ಔಷಧಿಯನ್ನೂ ದೋಟಿಯಲ್ಲೇ ಹೊಡೆಯುತ್ತಾರೆ.

ಕಡಲೂರ ಥೆರಪಿಸ್ಟ್

ತೋಟಿಗರಿಗೆ ಬಹಳ ಧನ್ಯವಾದ. ಅಳತೆ ಇಲ್ಲಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಜಗಲಿ ಒಂದೂವರೆ ಅಡಿ ಇದ್ದರೆ ಹದಿನೆಂಟು ಅಡಿ ಬೇಕು. ಇಷ್ಟುದ್ದ ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಕಡಿಮೆ ಮಾಡಲು ಬಿಡಬೇಡಿ. ಕಡಿದಾದರೆ ಇಬ್ಬರು ಗಂಡಸರು ಇದ್ದಾಗ ಮಾತ್ರ ಅವನು ಹೊರಗೆ ಬರುತ್ತಾನೆ. ಅಂಗಳ ಸಾಲದಿದ್ದರೆ ನಡುವೆ ಐದಡಿ ಚೌಕದ ಸಮತಟ್ಟು ಮಾಡಿ ತಿರುಗಿಸಿ. ಎರಡೂ ಅಂಚಿಗೆ ನಾಲ್ಕು ಅಂಗುಲದ ತಡೆ. ಮಳೆಗಾಲದಲ್ಲಿ ಪಾಚಿ ಕಟ್ಟುವ ಊರು ನಿಮ್ಮದು, ಆದ್ದರಿಂದ ಮೇಲ್ಮೈ ಒರಟಾಗಿರಲಿ, ಮೇಲೆ ಶೀಟು ಇರಲಿ.

ಬಾಗಿಲಿನ ತೆರಪು ಮೂರು ಅಡಿ. ಹಿರಿಯರು ಹೊಸ್ತಿಲು ಕೀಳಲು ಒಪ್ಪದಿದ್ದರೆ ಕೀಳಬೇಡಿ, ಎರಡೂ ಬದಿಗೆ ಮರದ ಇಳಿಜಾರು ತುಂಡು ಕೂರಿಸಿದರೆ ಸಾಕು. ಹೊಸ್ತಿಲ ಪೂಜೆಯೂ ನಡೆಯುತ್ತದೆ, ಗಾಲಿಯೂ ದಾಟುತ್ತದೆ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು.

ಮನೆಯ ಕೆಲಸ ನಡೆಯುವಷ್ಟು ದಿನ ಅವನನ್ನು ಪುನಶ್ಚೇತನ ಕೇಂದ್ರದಲ್ಲಿ ಇರಿಸಬಹುದಲ್ಲವೇ? ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಬಳಿ ಸೌತಡ್ಕದಲ್ಲಿ ಸೇವಾಧಾಮವಿದೆ, ಬೆನ್ನುಹುರಿ ಗಾಯದವರಿಗಾಗಿಯೇ ಇರುವ ಕೇಂದ್ರ. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ಅಂಗವಿಕಲರಿಗಾಗಿ ಇರುವ ಎಪಿಡಿ ಸಂಸ್ಥೆ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ವಿಭಾಗ ಹಳೆಯದು. ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಅವರೇ 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದವರು. ಆ ಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು.

ಗಾಲಿಮನೆ

ಮೇರಿ ವರ್ಗೀಸ್ ಅವರ ಮಾತು ಬಂದದ್ದರಿಂದ ಇನ್ನೊಬ್ಬರನ್ನು ಹೇಳುತ್ತೇನೆ, ಅವರದು ಕುತ್ತಿಗೆಯ ಗಾಯವೇ. ತಮಿಳುನಾಡಿನ ಆಯಿಕುಡಿಯ ಎಸ್. ರಾಮಕೃಷ್ಣನ್. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, 1975ರಲ್ಲಿ ನೌಕಾಪಡೆಯ ಅಧಿಕಾರಿ ಆಯ್ಕೆಗೆಂದು ಬೆಂಗಳೂರಿಗೆ ಬಂದು ಪರೀಕ್ಷೆಯ ವೇಳೆ ಮರದಿಂದ ಬಿದ್ದರು. ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು. 1981ರಲ್ಲಿ ತಮ್ಮೂರಿನಲ್ಲಿ ಅಮರ್ ಸೇವಾ ಸಂಗಮ್ ಶುರುಮಾಡಿದರು. ತಮಗೆ ಚಿಕಿತ್ಸೆ ಕೊಟ್ಟ ವೈದ್ಯ ಅಮರ್‌ಜಿತ್ ಸಿಂಗ್ ಚಹಲ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅಂಗವಿಕಲ ಮಕ್ಕಳಿಗೆ ಶಾಲೆ, ಚಿಕಿತ್ಸೆ, ತರಬೇತಿ ಎಲ್ಲವೂ ಅಲ್ಲಿವೆ. 2020ರಲ್ಲಿ ಪದ್ಮಶ್ರೀ ಬಂತು.

ಆದರೆ ಒಂದು ವಿನಂತಿ. ನಮ್ಮ ರಾಜ್ಯದಲ್ಲೇ ಪ್ಯಾರಾ ಕ್ರೀಡಾಪಟು ಮಾಲತಿ ಹೊಳ್ಳ, ಸಮಾಜಸೇವಕ ಕೆ. ಎಸ್. ರಾಜಣ್ಣ ಅವರಂಥ ಪದ್ಮಶ್ರೀಗಳಿದ್ದಾರೆ. ಈ ಹೆಸರುಗಳನ್ನು ಹುಡುಗನ ತಲೆಗೆ ಕುಟ್ಟಬೇಡಿ. ನನಗೆ ಪೆಟ್ಟಾದ ಹೊಸದರಲ್ಲಿ ಬಂದವರೆಲ್ಲ ಒಬ್ಬೊಬ್ಬ ಸಾಧಕನ ಕಥೆ ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ನನಗೆ ಇನ್ನಷ್ಟು ಬೇಸರವಾಗುತ್ತಿತ್ತು. ಪದಕ ಗೆಲ್ಲದಿದ್ದರೂ, ಸಂಸ್ಥೆ ಕಟ್ಟದಿದ್ದರೂ ಬದುಕಲು ಹಕ್ಕಿದೆ. ಬೆಳಿಗ್ಗೆ ಪೇಪರ್ ಓದಿ, ಹತ್ತು ಜನರ ಲೆಕ್ಕ ಬರೆದು, ಸಂಜೆ ಹೆಂಡತಿಯೊಡನೆ ವಾದ ಮಾಡಿ ಮಲಗುವ ನನ್ನ ಬದುಕು ತುಂಬಿದ ಬದುಕೇ. ಹೊರಗಿನವರಿಗೆ ನಂಬುವುದು ಕಷ್ಟವಾಗುತ್ತದೆ. ಕಾಲು ಹೋದುದಕ್ಕಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ನನ್ನ ಪರವಾಗಿ ಎಲ್ಲರೂ ನಿರ್ಧಾರ ಮಾಡತೊಡಗಿದ್ದು. ಏನು ಉಣ್ಣುತ್ತಾನೆ ಎಂದು ಕೂಡ ನನ್ನ ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು.

ತುಂಗಾತೀರದ ತಮ್ಮ

ಅಕ್ಕ ಎಲ್ಲವನ್ನೂ ಓದಿ ಹೇಳಿದಳು. ನನ್ನನ್ನು ಕೇಳದೆ ಇಲ್ಲಿ ಬರೆದಳೆಂದು ಮೊದಲು ಸಿಟ್ಟು ಬಂತು. ಇದನ್ನು ನಾನೇ ಹೇಳಿ ಮೊಬೈಲಿನಲ್ಲಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಅಕ್ಕ ತಿದ್ದುತ್ತಾಳೆ.

ಗಾಲಿಮನೆ ಅಣ್ಣಾ, ನನಗೆ ಲೆಕ್ಕಪತ್ರ ಬರುವುದಿಲ್ಲ. ನನಗೆ ಗೊತ್ತಿರುವುದು ತೋಟ. ಯಾವ ಸಾಲಿನ ಮರಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಮಳೆ ಹಿಡಿಯುವ ಮೊದಲು ಬೋರ್ಡೋ ಔಷಧಿ ಯಾವಾಗ ಹೊಡೆಯಬೇಕು, ಅಡಿಕೆಯನ್ನು ರಾಶಿ ಬಗೆ ಮಾಡಿದರೆ ಲಾಭವೋ ಬೆಟ್ಟೆ ಬಗೆ ಮಾಡಿದರೋ, ಇದೇ ನನ್ನ ವಿದ್ಯೆ. ಇದಕ್ಕೆಲ್ಲ ಕಾಲು ಬೇಕಲ್ಲ. ಇನ್ನೊಂದು, ರಾತ್ರಿ ಕಾಲುಗಳು ತಾವಾಗಿಯೇ ಸೆಟೆದು ಒದೆಯುತ್ತವೆ. ಅದನ್ನು ನೋಡಿ ಅಮ್ಮ ಜೀವ ಬಂತೆಂದು ದೇವರಿಗೆ ಹರಕೆ ಹೊತ್ತಿದ್ದಾಳೆ. ಅದು ಏನು?

ಕಡಲೂರ ಥೆರಪಿಸ್ಟ್

ಅದು ಸೆಳೆತ. ಮೆದುಳಿನ ಅಂಕೆ ತಪ್ಪಿದ ಬೆನ್ನುಹುರಿ ತಾನೇ ಕೊಡುವ ಪ್ರತಿಕ್ರಿಯೆ. ನಡಿಗೆ ಮರಳುವ ಸೂಚನೆಯಲ್ಲ, ಅಮ್ಮನಿಗೆ ಮೆಲ್ಲಗೆ ಹೇಳಿ. ನಿದ್ದೆ ಕೆಡುವಷ್ಟಿದ್ದರೆ ಬ್ಯಾಕ್ಲೋಫೆನ್‌ನಂಥ ಮಾತ್ರೆಯನ್ನು ವೈದ್ಯರು ಬರೆದುಕೊಡುತ್ತಾರೆ. ಅದನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಇದ್ದಕ್ಕಿದ್ದಂತೆ ಸೆಳೆತ ಹೆಚ್ಚಾದರೆ ಮೂತ್ರದ ಸೋಂಕೋ, ಎಲ್ಲಾದರೂ ಹುಣ್ಣೋ ಎಂದು ಹುಡುಕಿ. ನೋವು ತಿಳಿಯದ ಮೈಗೆ ಅದೊಂದು ಕರೆಗಂಟೆ.

ಗಾಲಿಮನೆ

ತಮ್ಮಾ, ನೀನೇ ಬರೆದೆಯಲ್ಲ, ಬಹಳ ಸಂತೋಷವಾಯಿತು.

ನೀನು ಹೇಳಿದ ಪಟ್ಟಿಯಲ್ಲಿ ಕಾಲು ಬೇಕಾದದ್ದು ಎಷ್ಟಿದೆ ನೋಡು. ಎಲೆಚುಕ್ಕಿ ನೋಡಲು ಕಣ್ಣು ಬೇಕು. ಕೆಲಸದವರು ಸಾಲು ಸಾಲಾಗಿ ವಿಡಿಯೊ ಕಳಿಸಬಹುದು. ಬೋರ್ಡೋ ಹೊಡೆಯುವ ದಿನ ಗೊತ್ತುಮಾಡಲು ತಲೆ ಬೇಕು. ರಾಶಿಯೋ ಬೆಟ್ಟೆಯೋ ಎನ್ನುವುದು ಧಾರಣೆ ನೋಡಿ ಮಾಡುವ ಲೆಕ್ಕ. ಅಪ್ಪನಿಗೆ ಈಗಲೇ ಹೇಳು: ಈ ಸಲ ಔಷಧಿಯ ದಿನವನ್ನು ನಾನೇ ಗೊತ್ತುಮಾಡುತ್ತೇನೆ, ಆಳುಗಳ ಸಂಬಳ ನನ್ನ ಮೊಬೈಲಿನಿಂದಲೇ ಹೋಗಬೇಕು ಎಂದು. ತೋಟದೊಳಗೆ ಹೋಗುವುದೂ ಆಗುತ್ತದೆ. ಮನೆಯಿಂದ ತೋಟದ ಮೊದಲ ಬಣ್ಣದವರೆಗೆ (ಮರಗಳ ಮೊದಲ ಪಟ್ಟಿಯವರೆಗೆ) ಜಂಬಿಟ್ಟಿಗೆಯ ಹುಡಿ ಬಿಗಿದು ನಾಲ್ಕಡಿ ದಾರಿ ಮಾಡಿಸಿ, ಕಾಲುಸಂಕದ ಜಾಗದಲ್ಲಿ ಕಾಂಕ್ರೀಟಿನ ಹಲಗೆ ಹಾಕಿದರೆ ಬ್ಯಾಟರಿ ಕುರ್ಚಿ ಹೋಗುತ್ತದೆ. ನಡು ಮಳೆಗಾಲದಲ್ಲಿ ಹೋಗಲಾಗದು, ಅದು ನಿಜ. ಬಗ್ಗಿ ಅಡಿಕೆ ಹೆಕ್ಕಲಾಗದು, ಅದೂ ನಿಜ. ಆ ದುಃಖ ನನಗೂ ಪೂರ್ತಿ ಹೋಗಿಲ್ಲ, ನಾನು ಒಳ್ಳೆಯ ಈಜುಗಾರನಾಗಿದ್ದೆ. ದುಃಖ ಇದ್ದುಕೊಂಡೇ ಕೆಲಸ ನಡೆಯುತ್ತದೆ.

ತುಂಗಾತೀರ

ನಿನ್ನೆ ರಾತ್ರಿ ಅಪ್ಪನೂ ಅವನೂ ಧಾರಣೆಯ ವಿಷಯಕ್ಕೆ ಜೋರಾಗಿಯೇ ವಾದ ಮಾಡಿದರು. ಅಮ್ಮ ಒಳಗಿನಿಂದ ಗದರಿಸಿದಳು. ತೋಟ ಮಾರುವ ಮಾತು ನಿಂತಿದೆ. ಪಾಸ್‌ಬುಕ್ಕಿನಲ್ಲಿ ಇಪ್ಪತ್ತು ರೂಪಾಯಿ ಕಡಿತ ಸಿಕ್ಕಿತು, ಕಾಗದಪತ್ರ ಅವರಿಗೆ ಎಷ್ಟು ವಂದನೆ ಹೇಳಿದರೂ ಸಾಲದು. ಸೌತಡ್ಕಕ್ಕೆ ಫೋನ್ ಮಾಡಿದ್ದೇವೆ, ಬರಲು ಹೇಳಿದ್ದಾರೆ. ಆಗುಂಬೆ ಘಾಟಿ ಇಳಿದು ಹೋಗಬೇಕು. ಎದೆಯ ಕೆಳಗೆ ಹಿಡಿತವಿಲ್ಲದವನು ಆ ತಿರುವುಗಳಲ್ಲಿ ಕಾರಿನಲ್ಲಿ ಹೇಗೆ ಕೂರುವುದು?

ಗಾಲಿಮನೆ

ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಸೀಟ್ ಬೆಲ್ಟಿನ ಜೊತೆಗೆ ಎದೆಯ ಸುತ್ತ ಅಗಲವಾದ ಪಟ್ಟಿಯೊಂದನ್ನು ಸೀಟಿನ ಹಿಂದಕ್ಕೆ ಕಟ್ಟಿ, ಉಸಿರಾಟಕ್ಕೆ ತೊಂದರೆಯಾಗದಂತೆ. ಎರಡೂ ಪಕ್ಕೆಗೆ ದಿಂಬು. ಕುರ್ಚಿಯ ಗಾಳಿದಿಂಬನ್ನೇ ಕಾರಿನ ಸೀಟಿನ ಮೇಲೂ ಹಾಕಿ, ಬರಿ ಸೀಟಿನ ಮೇಲೆ ಕೂರಿಸಬೇಡಿ. ಘಾಟಿ ಇಳಿದ ಮೇಲೆ ಗಾಳಿಯ ಒತ್ತಡ ಬದಲಾಗಿರುತ್ತದೆ, ಕೈ ತೂರಿಸಿ ಮತ್ತೊಮ್ಮೆ ನೋಡಿ. ಹೊರಡುವ ಮೊದಲು ಚೀಲ ಖಾಲಿ ಮಾಡಿ, ಸೋಮೇಶ್ವರದಲ್ಲಿ ಒಮ್ಮೆ, ಕಾರ್ಕಳದಲ್ಲಿ ಒಮ್ಮೆ ನೋಡಿ. ನಿಂತಲ್ಲೆಲ್ಲ ಮುಂದಕ್ಕೆ ಬಾಗಿಸಿ ಎರಡು ನಿಮಿಷ ಭಾರ ಬಿಡಿಸಿ. ಇಂಜಿನ್ನಿನ ಬಿಸಿಗಾಳಿ ಪಾದಕ್ಕೆ ಬಡಿಯದಂತೆ ನೋಡಿಕೊಳ್ಳಿ, ಸುಟ್ಟರೆ ಅವನಿಗೆ ತಿಳಿಯುವುದಿಲ್ಲ. ಚಾಲಕನಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕೆಲಸ ತಮ್ಮನದೇ ಇರಲಿ.